ಅಣ್ಣನ ಕೂಗು, ನನ್ನ ಕೈ

ಮೈಕ್ ಸೆಟ್ ನಡೆಸುವವನ ಮರ್ಯಾದೆ ಒಂದೇ ಸಂಗತಿಯ ಮೇಲೆ ನಿಂತಿರುತ್ತದೆ. ಹಾರ್ನು ಸಿಳ್ಳು ಹೊಡೆಯಬಾರದು. ಹಾಡುವವರು ದನಿ ಏರಿಸಿದಾಗ ಕಂಬಕ್ಕೆ ಕಟ್ಟಿದ ಹಾರ್ನು ಕುಂಯ್ ಎಂದು ಕಿರುಚಿದರೆ ಲಗ್ನದ ಮಂದಿಯೆಲ್ಲ ತಿರುಗಿ ನೋಡುವುದು ನಮ್ಮ ಕಡೆಗೇ. ಅದಕ್ಕೇ ನಮ್ಮ ಬಲಗೈ ಯಾವಾಗಲೂ ಆಂಪ್ಲಿಫಾಯರಿನ ಗುಂಡಿಯ ಮೇಲೆ ಇರುತ್ತದೆ. ದನಿ ಏರಿತೆಂದರೆ ಕೈ ತಾನಾಗಿ ಗುಂಡಿಯನ್ನು ಎಡಕ್ಕೆ ಹೊರಳಿಸುತ್ತದೆ. ತಲೆಗೆ ತಿಳಿಯುವ ಮೊದಲೇ ಕೈಗೆ ತಿಳಿದಿರುತ್ತದೆ. ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವನು, ಈ ಕೈಯೇ ನನ್ನ ವಿದ್ಯೆ. ಎಂಟು ವರ್ಷ ಸುತ್ತಲಿನ ಹಳ್ಳಿಗಳಲ್ಲಿ ಸೆಟ್ ಕಟ್ಟಿದ್ದೆ. ಒಂದು ಸಲವೂ ಸಿಳ್ಳು ಹೊಡೆದಿರಲಿಲ್ಲ.

ಆ ಕೈ ಮಾಡಿದ ತಪ್ಪನ್ನೂ, ಬಾಯಿ ಅದನ್ನು ಮುಚ್ಚಿಟ್ಟದ್ದನ್ನೂ ಬರೆಯಬೇಕಾಗಿದೆ. ಕೈಯ ತಪ್ಪು ಸಣ್ಣದು. ಬಾಯಿಯದು ದೊಡ್ಡದು.

ವಿಜಯಪುರಕ್ಕೆ ಆಗ ನಾವು ವಿಜಾಪುರ ಅನ್ನುತ್ತಿದ್ದೆವು. ಸ್ಟೇಷನ್ ರಸ್ತೆಯ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೆ. ಅಣ್ಣ ಸೊಲ್ಲಾಪುರದ ಒಂದು ಬ್ಯಾಂಡಿನಲ್ಲಿ ಹಾಡುತ್ತಿದ್ದ. ಲಗ್ನದ ಬ್ಯಾಂಡಲ್ಲ. ಕರೆಂಟಿನ ಗಿಟಾರು, ಡ್ರಮ್ಮು ಇಟ್ಟುಕೊಂಡು ಇಂಗ್ಲಿಷ್ ರಾಕ್ ಹಾಡುಗಳನ್ನು ಬಾರಿಸುವ ಬ್ಯಾಂಡು. ಸೊಲ್ಲಾಪುರದಿಂದ ಹುಬ್ಬಳ್ಳಿಯ ತನಕ ಕಾಲೇಜು ಓದುವವರಿಗೆ ಅದರ ಹೆಸರು ಗೊತ್ತಿತ್ತು. ಟಿಕೋಟಾದ ಕುರಿಯವರ ಮಗ ಅಲ್ಲಿ ನಡುವೆ ನಿಂತು ಹಾಡುತ್ತಾನೆ ಎಂಬುದೇ ನಮಗೆ ಸೋಜಿಗ.

ಆರು ವರ್ಷ ಹಾಡಿ ಒಂದು ದಿನ ಗಿಟಾರನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಸ್ಸಿನಿಂದ ಇಳಿದ.

ಅವ್ವ ಕೇಳಿದಳು, "ಯಾಕೋ ಯಪ್ಪಾ, ರಜಾ ಕೊಟ್ಟಾರೇನು?"

"ಬಿಟ್ಟು ಬಂದೀನಿ ಬೇ. ಮಂದಿ ಹಾಡಿದ್ದನ್ನ ಎಷ್ಟು ದಿನ ಹಾಡ್ಲಿ?"

ಬ್ಯಾಂಡಿನ ಮಾಸ್ತರರು ಬೀಳ್ಕೊಡುವಾಗ ಹೇಳಿದ ಮಾತನ್ನು ಅಣ್ಣ ಆಮೇಲೆ ನನಗೊಬ್ಬನಿಗೇ ಹೇಳಿದ: "ಮೈಕ್ ನಮ್ದು, ಹೆಸರೂ ನಮ್ದು. ನಮ್ಮನ್ನ ಬಿಟ್ರ ನಿನ್ನ ದನಿ ನಿಮ್ಮ ಅಂಗಳಾ ದಾಟೂದಿಲ್ಲ." ನಗುತ್ತಲೇ ಹೇಳಿದ. ಆದರೆ ಅದು ಅವನ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂತಿದೆಯೆಂದು ನನಗೆ ಗೊತ್ತಾಯಿತು.

ಮೊದಲ ರೆಕಾರ್ಡು ಬೇಗನೇ ಆಯಿತು. ಮುಂಬೈಯ ಒಂದು ಕಂಪನಿಯವರು ಅವನನ್ನು ಬ್ಯಾಂಡಿನ ಕಾಲದಿಂದ ಬಲ್ಲವರು. ನಾಲ್ಕು ಹಾಡಿನ ಸಣ್ಣ ತಟ್ಟೆ ಮಾಡಿದರು. ಹಾಡು ಅಣ್ಣನವು, ಬಾರಿಸಿದವರು ಅವರ ಮಂದಿ. ಅಣ್ಣ ಎಲ್ಲೆಲ್ಲಿ ಉಸಿರು ತೆಗೆದುಕೊಂಡನೋ ಅಲ್ಲೆಲ್ಲ ಪಿಟೀಲು ತುಂಬಿಸಿದ್ದರು. ಸ್ಟೇಷನ್ ರಸ್ತೆಯ ಅಂಗಡಿಯ ಮುಂದೆ ಅದನ್ನು ಹಚ್ಚಿದಾಗ ಅಣ್ಣ ರಸ್ತೆಯ ಆಚೆ ನಿಂತು ನಾಲ್ಕನ್ನೂ ಕೇಳಿದ.

"ಹೆಂಗೈತಿ ಅಣ್ಣಾ?"

"ಸಕ್ರಿ ಹಾಕಿದ ಅಂಬಲಿ ಇದ್ದಂಗೈತಿ," ಅಂದ.

ಎರಡನೆಯದನ್ನು ತಾನೇ ಮಾಡುತ್ತೇನೆಂದು ಕಂಪನಿಗೆ ಬರೆದ. ಎಂಟು ಹಾಡಿನ ದೊಡ್ಡ ತಟ್ಟೆ. ಟೇಪು ಮಾಡಿ ಕಳಿಸಿರಿ, ಕೇಳಿ ನೋಡುತ್ತೇವೆ ಎಂದು ಅವರು ಉತ್ತರ ಕೊಟ್ಟರು. ಅಣ್ಣ ಆ ಕಾಗದವನ್ನು ನನ್ನ ಕೈಗೆ ಕೊಟ್ಟು, "ಟೇಪ್ ಮಾಡಾಂವ ನೀನ. ನನ್ನ ತಮ್ಮನಂಥಾ ಕೈ ಮುಂಬೈದಾಗೂ ಇಲ್ಲ," ಅಂದ. ಆ ಮಾತನ್ನು ಅವನು ಊರೆಲ್ಲ ಹೇಳಿಕೊಂಡು ಬಂದ. ನಾನು ಉಬ್ಬಿದೆ. ಆಮೇಲಿನ ನನ್ನ ಮೌನಕ್ಕೆ ಈ ಉಬ್ಬೂ ಒಂದು ಕಾರಣ.

ಅಂಗಡಿಯ ಮಾಲಕರು ಸ್ಪೂಲಿನ ಟೇಪ್ ರೆಕಾರ್ಡರ್ ಕೊಟ್ಟರು. ಹಳೆಯ ವಾಲ್ವಿನ ಯಂತ್ರ, ಎತ್ತಲಿಕ್ಕೆ ಇಬ್ಬರು ಬೇಕು. ಅದರ ಮುಖದ ಮೇಲೆ ದನಿ ಏರಿಸಿ ಇಳಿಸುವ ಗುಂಡಿ, ಪಕ್ಕದಲ್ಲೊಂದು ಹಸಿರು ಕಣ್ಣು ಇತ್ತು. ಮೈಕಿಗೆ ಬರುವ ದನಿ ಏರಿದಷ್ಟೂ ಕಣ್ಣಿನ ಎರಡು ಹಸಿರು ರೆಪ್ಪೆ ಹತ್ತಿರ ಬರುತ್ತವೆ. ಎರಡೂ ಮುಟ್ಟಿದರೆ ದನಿ ಟೇಪಿನ ಮೇಲೆ ಒಡೆದು ಹೋಗುತ್ತದೆ.

ಯಂತ್ರ ಸಿಕ್ಕಿತು, ಜಾಗ ಸಿಗಲಿಲ್ಲ. ಟಿಕೋಟಾದ ಮನೆಯಲ್ಲಿ ಗಿಟಾರು ಬಾರಿಸಿದರೆ ಮಾಳಿಗೆಯ ತಗಡು ಜೊತೆಗೆ ಬಾರಿಸುತ್ತಿತ್ತು. ತೊರವಿಯ ಒಂದು ಸಭಾಭವನದಲ್ಲಿ ಹಾಡಿ ನೋಡಿದೆವು. ಒಂದು ಮಾತು ಮುಗಿಯುವ ಮೊದಲೇ ಹಿಂದಿನ ಮಾತು ಗೋಡೆಗೆ ಬಡಿದು ಮರಳಿ ಬಂತು. ಕೊನೆಗೆ ದಾರಿ ತೋರಿಸಿದವರು ಬಬಲೇಶ್ವರದ ಹಲಗಿ ಕಾಕಾ. ಡ್ರಮ್ಮಿನ ಬದಲು ಹಲಗಿ ಬೇಕೆಂದು ಅಣ್ಣ ಹಟ ಹಿಡಿದು ಒಪ್ಪಿಸಿಕೊಂಡಿದ್ದ ಹಿರಿಯರು ಅವರು.

"ನಮ್ಮೂರಾಗ ಹತ್ತಿ ಗೋದಾಮ ಐತಿ. ಒಳಗ ನಿಂತು ಹೆಂಡ್ತಿನ್ನ ಬೈದ್ರ ಹೊರಗ ಕೇಳೂದಿಲ್ಲ. ನಾ ಬೈದು ನೋಡೀನಿ," ಅಂದರು ಕಾಕಾ.

ಹೋಗಿ ನೋಡಿದೆವು. ನೆಲದಿಂದ ಜಂತಿಯವರೆಗೆ ಹತ್ತಿ ತುಂಬಿದ ಅಂಡಿಗೆಗಳು, ಅಂದರೆ ಆಳೆತ್ತರದ ಗೋಣಿಚೀಲಗಳು, ನಾಲ್ಕೂ ಗೋಡೆಗೆ ಒಟ್ಟಿದ್ದವು. ನಡುವೆ ಒಂದು ಬಂಡಿ ನಿಲ್ಲುವಷ್ಟು ಜಾಗ. ನಾನು ಚಪ್ಪಾಳೆ ತಟ್ಟಿದೆ. ಸಪ್ಪಳ ಅಂಗೈಯಲ್ಲೇ ಸತ್ತಿತು. ಅಣ್ಣನ ಮುಖ ಅರಳಿತು.

ಗೋದಾಮಿನ ಸಾವುಕಾರರು ಎರಡೇ ಕಟ್ಟಳೆ ಹಾಕಿದರು. ಒಳಗೆ ಬೆಂಕಿ ಬರಬಾರದು. ಬೀಡಿಯೂ ಇಲ್ಲ, ಕಡ್ಡಿಪೆಟ್ಟಿಗೆಯೂ ಇಲ್ಲ. ಮತ್ತೆ, ಇನ್ನು ಇಪ್ಪತ್ತು ದಿನಕ್ಕೆ ಲಾರಿ ಬಂದು ಹತ್ತಿ ಒಯ್ಯುತ್ತದೆ. ಅಷ್ಟರೊಳಗೆ ಮುಗಿಸಬೇಕು. "ನನ್ನ ಹತ್ತಿ ನಿಮ್ಮ ಹಾಡು ಕೇಳಿ ಕುಣದ್ರ ತೂಕ ಕಡಿಮಿ ಆದೀತು ನೋಡ್ರಿ," ಎಂದು ನಕ್ಕರು.

ಬೆಂಕಿ ಇಲ್ಲವೆಂದಾಗ ಹಲಗಿಗೆ ತೊಂದರೆಯಾಯಿತು. ತೊಗಲು ಕಾಯಿಸದೆ ಹಲಗಿ ನುಡಿಯುವುದಿಲ್ಲ. ಕಾಕಾ ಅದನ್ನು ಬಾಗಿಲ ಹೊರಗೆ ಬಿಸಿಲಿಗೆ ಇಟ್ಟರು. ನೆತ್ತಿಯ ಮೇಲಿನ ಬಿಸಿಲಿಗೆ ಕಾಯ್ದರೆ ಒಂದು ಹಾಡು ಮುಗಿಯುವ ತನಕ ಬಿಗಿ ಇರುತ್ತಿತ್ತು, ಆಮೇಲೆ ಸಡಿಲ. ಮತ್ತೆ ಬಿಸಿಲಿಗೆ. ಎರಡನೆಯ ತೊಂದರೆ ಕರೆಂಟಿನದು. ಪಕ್ಕದ ಹೊಲದ ಬಾವಿಗೆ ಪಂಪ್ ಇತ್ತು. ಅದು ಶುರುವಾದರೆ ನಮ್ಮ ಯಂತ್ರ ನಿಧಾನ ತಿರುಗುತ್ತಿತ್ತು. ಆ ಹೊತ್ತಿನಲ್ಲಿ ತುಂಬಿದ ಹಾಡನ್ನು ಆಮೇಲೆ ಕೇಳಿದರೆ ಅಣ್ಣ ಹೆಂಗಸಿನ ದನಿಯಲ್ಲಿ ಹಾಡುತ್ತಿದ್ದ. ನಾನು ಒಂದು ಉಪಾಯ ಮಾಡಿದೆ. ಪ್ರತಿ ಹಾಡಿನ ಮೊದಲಿಗೂ ಕಡೆಗೂ ಹಾರ್ಮೋನಿಯಮ್ಮಿನ ಒಂದೇ ಮನೆ, ಅಂದರೆ ಒಂದೇ ಸ್ವರದ ಪಟ್ಟಿ, ಒತ್ತಿ ಟೇಪಿಗೆ ತುಂಬುವುದು. ಆಮೇಲೆ ಟೇಪು ಹಚ್ಚಿ, ಅದೇ ಮನೆಯನ್ನು ಒತ್ತಿ ಹೋಲಿಸುವುದು. ಎರಡೂ ಒಂದಾದರೆ ಹಾಡು ಸರಿ, ಇಲ್ಲವಾದರೆ ಅಳಿಸಬೇಕು. ಮೂರು ದಿನ ಹೀಗೆ ಅಳಿಸುವುದರಲ್ಲೇ ಹೋಯಿತು. ನಾಲ್ಕನೇ ದಿನ ಹೊಲದವರನ್ನೇ ಕೇಳಿದೆ. ಮಧ್ಯಾಹ್ನ ಬಾವಿಯ ತಳ ಕಾಣುತ್ತದೆ, ಸೆಲೆ ತುಂಬುವ ತನಕ ಎರಡು ತಾಸು ಮೋಟರು ಬಂದ್ ಇರುತ್ತದೆ ಎಂದರು. ಹಲಗಿ ಕಾಯುವ ಬಿಸಿಲೂ ಅದೇ ಹೊತ್ತು. ಹಾಗಾಗಿ ದಿನಕ್ಕೆ ಎರಡೇ ತಾಸು ಕೆಲಸ. ಬಾಗಿಲು ಮುಚ್ಚಿದರೆ ಒಳಗೆ ಒಲೆಯ ಹಾಗೆ ಉರಿಯುತ್ತಿತ್ತು. ಅಣ್ಣ ಅಂಗಿ ಬಿಚ್ಚಿ, ಧೋತರ ಮೊಣಕಾಲಿಗೆ ಕಟ್ಟಿ, ಕೊರಳಿಗೆ ಗಿಟಾರು ಹಾಕಿ ನಿಲ್ಲುತ್ತಿದ್ದ.

ಅವನು ಹಾಡುತ್ತಿದ್ದುದನ್ನು ಹೇಗೆ ಹೇಳಲಿ? ನಮ್ಮ ಮನೆತನ ಕುರಿ ಕಾಯ್ದದ್ದು. ಕುರಿಗಳು ಚದುರಿದಾಗ ಅಪ್ಪ ಒಂದು ಕೂಗು ಹಾಕುತ್ತಿದ್ದ. ಹೊಟ್ಟೆಯಿಂದ ಎದ್ದು, ಏರಿ ಏರಿ, ತುದಿಯಲ್ಲಿ ಒಂದು ಸಲ ಮುರಿದು ಹೊರಳುವ ಕೂಗು. ಎರಡು ಹೊಲದ ಆಚೆಯ ಕುರಿ ತಲೆ ಎತ್ತುತ್ತಿತ್ತು. ಬ್ಯಾಂಡಿನಲ್ಲಿ ಕಲಿತ ರಾಕ್ ಹಾಡಿನ ಚೀರಾಟ ಬೇರೆಯಲ್ಲ, ಅಪ್ಪನ ಈ ಕೂಗು ಬೇರೆಯಲ್ಲ ಎಂದು ಅಣ್ಣ ಕಂಡುಕೊಂಡಿದ್ದ. ಎಂಟೂ ಹಾಡಿನಲ್ಲಿ ಅದು ಎಲ್ಲೋ ಒಂದು ಕಡೆ ಬರುತ್ತಿತ್ತು. ಕೊನೆಯ ಹಾಡಂತೂ ಪೂರಾ ಅದರದ್ದೇ. ಅಷ್ಟು ಹತ್ತಿರದಲ್ಲಿ ಅದನ್ನು ಕೇಳಿದಾಗ ನನ್ನ ತೋಳಿನ ಕೂದಲು ನಿಲ್ಲುತ್ತಿದ್ದವು. ಕಾಕಾ ಕಣ್ಣು ಮುಚ್ಚಿ ಬಾರಿಸುತ್ತಿದ್ದರು. ಅಂಥ ದನಿ ನಾನು ಮತ್ತೆ ಯಾರಲ್ಲೂ ಕೇಳಿಲ್ಲ.

ಮುಂದಿನ ಐದು ಮಧ್ಯಾಹ್ನಗಳಲ್ಲಿ ಎಂಟೂ ಹಾಡು ಮುಗಿದವು. ಅಷ್ಟು ದಿನ ನಾವು ಹೋಲಿಸಿ ನೋಡಿದ್ದು ಹಾರ್ಮೋನಿಯಮ್ಮಿನ ಮನೆಯನ್ನಷ್ಟೇ. ಮರುದಿನ ಮೂವರೂ ಕೂತು ಪೂರಾ ಕೇಳಿದೆವು.

ಮೊದಲ ಹಾಡಿನಲ್ಲೇ ಅಣ್ಣನ ಮುಖ ಇಳಿಯಿತು. ಎರಡನೆಯದರಲ್ಲಿ ತಲೆ ಬಗ್ಗಿಸಿದ. ಕೂಗು ಏರಬೇಕಾದ ಕಡೆಯಲ್ಲೆಲ್ಲ ದನಿ ಹಿಂದೆ ಸರಿಯುತ್ತಿತ್ತು. ಯಾರೋ ಹಾಡುವವನ ಬಾಯಿಗೆ ಮೆಲ್ಲಗೆ ಕೈ ಅಡ್ಡ ಹಿಡಿದ ಹಾಗೆ.

"ಮಾಸ್ತರ ಹೇಳಿದ್ದು ಖರೇ ಐತಿ ನೋಡಲೇ," ಅಂದ ಅಣ್ಣ. "ಹಾಡುಮುಂದ ಮುಗಲಿಗೆ ಮುಟ್ಟಿತು ಅಂತ ಅನಸ್ತೈತಿ. ಇಲ್ಲಿ ಕೇಳಿದ್ರ ಅಂಗಳಾನೂ ದಾಟಿಲ್ಲ. ನನ್ನ ದನಿ ಸೋತೈತಿ."

ಅದೇ ಹೊತ್ತಿಗೆ ಟೇಪಿನಲ್ಲಿ ಮತ್ತೊಂದು ಕೂಗು ಬಂತು. ನನ್ನ ಬಲಗೈ ಗಾಳಿಯಲ್ಲಿ ತಾನಾಗಿ ಎಡಕ್ಕೆ ಹೊರಳಿತು. ಹೊರಳಿದ ಕ್ಷಣದಲ್ಲೇ ಟೇಪಿನ ದನಿಯೂ ಇಳಿಯಿತು.

ನಾನು ಕೈಯನ್ನು ನೋಡಿದೆ. ಸಿಳ್ಳು ಹೊಡೆಯುವ ಹಾರ್ನೇ ಇಲ್ಲದ ಆ ಗೋದಾಮಿನಲ್ಲಿ, ಎಂಟು ವರ್ಷದ ರೂಢಿಯಂತೆ ನನ್ನ ಕೈ ಅಣ್ಣನ ಪ್ರತಿ ಕೂಗಿಗೂ ಗುಂಡಿ ಇಳಿಸಿತ್ತು.

ಹೇಳಲಿಕ್ಕೆ ಆ ಗಳಿಗೆಗಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಅಣ್ಣ ಒಂದು ಬೈಗುಳ ಬೈದು ನಗುತ್ತಿದ್ದ, ಅಷ್ಟೇ. ನಾನು ಹೇಳಲಿಲ್ಲ. ಮುಂಬೈಯಲ್ಲೂ ಇಲ್ಲದ ಕೈ ಎಂದು ಹೊಗಳಿಸಿಕೊಂಡಿದ್ದೆನಲ್ಲ. ಒಳಗೆ ಇನ್ನೊಂದೂ ಇತ್ತು. ಅವನು ಸೊಲ್ಲಾಪುರದಲ್ಲಿ ಹೆಸರು ಮಾಡುವಾಗ ನಾನು ಹಾರ್ನು ಹೊತ್ತು ಕಂಬ ಹತ್ತುತ್ತಿದ್ದೆ. ಅವನೂ ಸೋಲುತ್ತಾನೆ ಎಂದು ಕಂಡಾಗ ಮನಸ್ಸಿನ ಯಾವುದೋ ಮೂಲೆಗೆ ಹಾಯೆನಿಸಿತು. ಬರೆಯಲಿಕ್ಕೆ ನಾಚಿಕೆಯಾಗುತ್ತದೆ. ಆದರೆ ಅನಿಸಿದ್ದು ಖರೆ.

"ನಾಳೆ ಮತ್ತ ಹಾಡು ಅಣ್ಣಾ. ಬಿಸಲಿಗೆ ಗಂಟಲಾ ಒಣಗಿರಬೇಕು," ಅಂದೆ.

ಗಂಟಲಿನ ಮೇಲೆ ತಪ್ಪು ಹೊರಿಸಿದವನು ನಾನೇ. ಅಣ್ಣ ಅದನ್ನು ನಂಬಿದ. ಚಹಾ ಬಿಟ್ಟ. ಅವ್ವ ದಿನಾ ಶುಂಠಿ, ಬೆಲ್ಲ ಕಟ್ಟಿ ಕಳಿಸಿದಳು. ಅಥಣಿ ರಸ್ತೆಯ ಒಬ್ಬ ಡಾಕ್ಟರರಿಗೆ ಗಂಟಲು ತೋರಿಸಿ ಬಂದ. ಅವರು ಏನೂ ಆಗಿಲ್ಲ ಅಂದರು. ಏನೂ ಆಗಿಲ್ಲವೆಂದರೆ ದನಿಯೇ ಅಷ್ಟು ಎಂದು ಅರ್ಥ ಮಾಡಿಕೊಂಡು ಇನ್ನೂ ಜೋರಾಗಿ ಹಾಡತೊಡಗಿದ. ಈ ಸಲ ಕೈ ಹೊರಳಿಸಬಾರದೆಂದು ನಾನು ಪ್ರತಿ ದಿನ ನಿಶ್ಚಯ ಮಾಡಿಕೊಂಡು ಕೂಡುತ್ತಿದ್ದೆ. ಆದರೆ ಅವನು ಜೋರು ಮಾಡಿದಷ್ಟೂ ಹಸಿರು ರೆಪ್ಪೆಗಳು ಹತ್ತಿರ ಬರುತ್ತಿದ್ದವು, ನನಗೆ ಹೆದರಿಕೆಯಾಗುತ್ತಿತ್ತು, ಕೈ ಇಳಿಸಿಯೇ ಬಿಡುತ್ತಿತ್ತು. ಅವನು ಏರಿದಷ್ಟು ನಾನು ಇಳಿಸಿದೆ. ಐದು ದಿನ ಹೀಗೇ ನಡೆಯಿತು. ಅವನ ದನಿಯ ಅಂಚು ಹರಿಯತೊಡಗಿತು. ಮಾತಾಡುವಾಗಲೂ ಗೊಗ್ಗರು.

ಆರನೇ ದಿನ ಅಣ್ಣ ನೀರು ಕುಡಿಯಲು ಹೊರಗೆ ಹೋಗಿದ್ದ. ಕಾಕಾ ಬಿಸಿಲಲ್ಲಿದ್ದ ಹಲಗಿಯನ್ನು ತಂದು ನನ್ನ ಪಕ್ಕದಲ್ಲಿ ಕೂತರು.

"ತಮ್ಮಾ, ಒಂದು ಕೇಳತೀನಿ. ನಿಮ್ಮಣ್ಣನ ದನಿ ಸೋತೈತಿ ಅಂತಿ. ಹೌದಪ್ಪಾ, ಸೋತೀತು. ಅಂವ ಕೂಗುಮುಂದ ನಾ ಕೈ ಮುರಿಯೂ ಹಂಗ ಹಲಗಿ ಬಡೀತೀನಿ. ಟೇಪಿನ್ಯಾಗ ಕೇಳಿದ್ರ ಅದೂ ಅಲ್ಲೇ ಸಣ್ಣ ಆಗತೈತಿ. ನನ್ನ ಹಲಗಿಗೂ ಗಂಟಲ ಬ್ಯಾನಿ ಬಂದೈತೇನು?"

ನಾನು ಯಂತ್ರದಲ್ಲಿ ಟೇಪು ಉಜ್ಜಿ ಹಾಯುವ ಹೆಡ್ಡುಗಳನ್ನು ಸ್ಪಿರಿಟ್ಟಿನಿಂದ ಒರೆಸುತ್ತ ಕೂತೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು.

"ನಾ ಹೇಳಾಂವ ಅಲ್ಲ. ನೀ ಹೇಳಬೇಕಾದ್ದು ನೀ ಹೇಳು. ಆದ್ರ ಅಂವನ ಗಂಟಲಾ ಹರಿಯೂ ಮೊದಲ ಏನರೆ ಮಾಡು," ಅಂದು ಎದ್ದು ಹೋದರು.

ಅವತ್ತು ಕೆಲಸ ಬೇಡವೆಂದೆ. ಮರುದಿನ ಅಣ್ಣ ಬರುವ ಮೊದಲೇ ಹೋಗಿ, ಅಂಗಡಿಯಿಂದ ತಂದ ಅರಗನ್ನು ಕರೆಂಟಿನ ಬೆಸುಗೆ ಕಡ್ಡಿಯಿಂದ ಕರಗಿಸಿ ಗುಂಡಿಯ ಸುತ್ತ ಸುರಿದೆ. ಅಣ್ಣನ ಅತಿ ದೊಡ್ಡ ಕೂಗಿಗೂ ರೆಪ್ಪೆ ಮುಟ್ಟದಷ್ಟು ಕೆಳಗೆ ಗುಂಡಿ ಇಟ್ಟು, ಅಲ್ಲೇ ಗಟ್ಟಿಮಾಡಿದೆ. ಹಾಗೆ ಮಾಡಿದರೆ ಮೆಲ್ಲಗೆ ಹಾಡುವ ಕಡೆ ಟೇಪಿನ ಸುಯ್ ಎಂಬ ಸಪ್ಪಳ ಕೇಳಿಸುತ್ತದೆ. ಕೇಳಿಸಲಿ ಎಂದೆ. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಅಣ್ಣ ಅರಗನ್ನು ನೋಡಿ, "ಇದೇನಲೇ?" ಅಂದ.

"ಒಂದು ವಾಲ್ವ್ ಕೆಟ್ಟಿತ್ತಣ್ಣಾ. ಬದಲಿ ಹಾಕೀನಿ. ಗುಂಡಿ ಸಡಲ ಆಗಿತ್ತು, ಅದಕ್ಕ."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಕಾಕಾ ಕೆಮ್ಮಿದರು.

ಅವತ್ತಿನ ಟೇಪು ಕೇಳಿದಾಗ ಅಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಕೂಗು ಬಂದಿತ್ತು. ಹರಿದ ಅಂಚಿನ ಸಮೇತ, ಅಪ್ಪನ ಕೂಗಿಗಿಂತ ಒರಟಾಗಿ, ಜಂತಿಗೆ ಬಡಿಯುವ ಹಾಗೆ ಬಂದಿತ್ತು. "ಮಷಿನ್ ಸೋತಿತ್ತು, ನಾ ಅಲ್ಲ," ಎಂದು ಮತ್ತೆ ಮತ್ತೆ ಅಂದ. ಲಾರಿ ಬರುವಷ್ಟರಲ್ಲಿ ಏಳು ಹಾಡು ಮುಗಿಸಿದ. ಕೊನೆಯ ಹಾಡಿಗೆ ಮಾತ್ರ ಗಂಟಲು ಕೈಕೊಟ್ಟಿತು. ಬಾಯಿ ತೆರೆದರೆ ಬರೀ ಗಾಳಿ. ಹೊರಗೆ ಹಮಾಲರು ಅಂಡಿಗೆ ಎತ್ತತೊಡಗಿದ್ದರು. ಆ ಒಂದು ಹಾಡು ಮೊದಲ ಸುತ್ತಿನದೇ ಮುಂಬೈಗೆ ಹೋಯಿತು. ನನ್ನ ಕೈ ಇಳಿಸಿದ್ದು.

ತಟ್ಟೆ ಬಂತು. ಸ್ಟೇಷನ್ ರಸ್ತೆಯಲ್ಲಿ ಹಚ್ಚಿದಾಗ ಟಾಂಗಾದವರು ನಿಲ್ಲಿಸಿ ಕೇಳಿದರು. ಹಲಗಿ ಮತ್ತು ಗಿಟಾರು, ನಡುವೆ ಒಂದೇ ದನಿ, ಮತ್ತೇನೂ ಇಲ್ಲ. ಬ್ಯಾಂಡಿನ ಹೆಸರು ಹೇಳದೆಯೇ ಮಂದಿ ಅಣ್ಣನ ಹೆಸರು ಹೇಳತೊಡಗಿದರು. ಎಲ್ಲಕ್ಕಿಂತ ಹೆಚ್ಚು ಹೊಗಳಿದ್ದು ಕೊನೆಯ ಹಾಡನ್ನು. "ಏರಬೇಕಾದಲ್ಲಿ ಇಳೀತಾನ ನೋಡ್ರಿ, ಏನು ಹದ!" ಎಂದು ತಿಳಿದವರು ಅನ್ನುತ್ತಿದ್ದರು. ಅಣ್ಣನ ಗಂಟಲು ಆ ದಿನಗಳ ಮೇಲೆ ಪೂರಾ ಮೊದಲಿನಂತೆ ಆಗಲೇ ಇಲ್ಲ. ಮಂದಿಗೆ ಇಳಿಸಿದ್ದೇ ಸೇರುತ್ತದೆಂದು ಕಂಡ ಮೇಲೆ ಅವನೂ ಆ ಹಾಡನ್ನು ಹಾಗೆಯೇ ಹಾಡತೊಡಗಿದ. ಪ್ರತಿ ಕಾರ್ಯಕ್ರಮದಲ್ಲಿ ನನ್ನದೇ ಸೆಟ್ಟು. ಆ ಜಾಗ ಬಂದಾಗ ಅವನು ತಾನೇ ಇಳಿಯುತ್ತಿದ್ದ. ನನ್ನ ಕೈಗೆ ಕೆಲಸವೇ ಇರಲಿಲ್ಲ.

ಮೂರು ವರ್ಷ ಹೀಗೆ ನೋಡಿದೆ. ಒಂದು ಸಂಜೆ ಟಿಕೋಟಾದಲ್ಲೇ ಹಾಡಲು ಕರೆದಿದ್ದರು. ಅವ್ವ ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವಳ ಪಕ್ಕ ಅಪ್ಪ, ಕೋಲಿಗೆ ಗದ್ದ ಊರಿಕೊಂಡು. ಕೊನೆಯ ಹಾಡು ಬಂತು. ಕೂಗು ಶುರುವಾದಾಗ ಅಪ್ಪ ಗುರುತು ಹಿಡಿದು ತಲೆ ಎತ್ತಿದ, ಕುರಿ ಎತ್ತಿದ ಹಾಗೆ. ಅಣ್ಣ ಇಳಿಸಿದ. ಅಪ್ಪನ ತಲೆಯೂ ಇಳಿಯಿತು.

ನನ್ನಿಂದ ತಡೆಯಲಾಗಲಿಲ್ಲ. ಗುಂಡಿಯನ್ನು ಬಲಕ್ಕೆ ತಿರುವಿದೆ. ಇಳಿದದ್ದನ್ನು ಎತ್ತಿಕೊಡಬಹುದು ಎಂಬ ಹುಚ್ಚು. ಇನ್ನೂ ತಿರುವಿದೆ. ನಾಲ್ಕೂ ಹಾರ್ನು ಒಟ್ಟಿಗೆ ಕಿರುಚಿದವು. ಜನ ಕಿವಿ ಮುಚ್ಚಿಕೊಂಡು ತಿರುಗಿ ನನ್ನನ್ನು ನೋಡಿದರು. ಅಣ್ಣ ಹಾಡು ನಿಲ್ಲಿಸಿ ನೋಡಿದ. ನನ್ನ ಸೆಟ್ಟಿನ ಮೊದಲ ಸಿಳ್ಳು ಅದು.

ವೇದಿಕೆಯ ಹಿಂದೆ ಬಂದು ಕೇಳಿದ, "ಏನಾತಲೇ ನಿನಗ?"

"ಅಣ್ಣಾ, ವಾಲ್ವ್ ಕೆಟ್ಟಿರಲಿಲ್ಲ. ಗೋದಾಮನ್ಯಾಗ ದನಿ ಇಳಿಸಿದ್ದು ನಾನ. ಈ ಕೈ. ಮೊದಲ ಸಲ ಕೇಳಿದ ದಿನಾನ ನನಗ ಗೊತ್ತಾಗಿತ್ತು."

ಅವನು ಕೊರಳಿನಿಂದ ಗಿಟಾರು ಇಳಿಸಿ ನೆಲಕ್ಕಿಟ್ಟ. ಆಮೇಲೆ, "ಗೊತ್ತಾಗಿತ್ತು?" ಅಂದ. ಅಷ್ಟೇ. ಗಂಟಲನ್ನು ಒಮ್ಮೆ ಮುಟ್ಟಿಕೊಂಡ. "ಅಷ್ಟು ದಿನಾ ಅವ್ವನ ಕೈಲಿ ಶುಂಠಿ ಕುಟ್ಟಿಸಿದ್ಯಲ್ಲಲೇ," ಅಂದು ಹೋದ.

ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಕುರಿ ಹೊಡೆದುಕೊಂಡು ಹೋದವನಂತೆ ದಿನಾ ಬೆಳಗ್ಗೆ ಹೊಲದ ಕಡೆ ಹೋಗುತ್ತಿದ್ದ. ಅಲ್ಲಿಂದ ಕೂಗು ಕೇಳುತ್ತಿತ್ತು. ಏರುತ್ತಿತ್ತು, ತುದಿಗೆ ಹೋಗಿ ಹರಿಯುತ್ತಿತ್ತು, ಮತ್ತೆ ಮೊದಲಿನಿಂದ.

ಹತ್ತಿಯ ಸುಗ್ಗಿ ಬಂದಾಗ ಅಂಗಡಿಯ ಮುಂದೆ ಬಂದು ನಿಂತ. "ಮೂರನೇ ತಟ್ಟಿ ಮಾಡೂಣು. ಮಷಿನ್ ತಗೊಂಡು ಬಾ," ಅಂದ. ಬೇರೆ ಯಾರನ್ನಾದರೂ ಕರಿ ಅಣ್ಣಾ ಅಂದೆ. ಕೇಳಿಸದವನಂತೆ ಹೋದ.

ಅದೇ ಗೋದಾಮು, ಅದೇ ಬಿಸಿಲು. ಕಾಕಾ ಹಲಗಿಯನ್ನು ಬಾಗಿಲಲ್ಲಿ ಇಟ್ಟಿದ್ದರು. ಮೊದಲು ಆ ಹಳೆಯ ಹಾಡನ್ನೇ ಹಾಡುತ್ತೇನೆಂದ. ಮೈಕಿನ ಮುಂದೆ ನಿಂತು ನನ್ನನ್ನು ಕೇಳಿದ, "ಕೈ ಎಲ್ಲದಾವಲೇ?"

"ತೊಡಿ ಕೆಳಗ ಅಣ್ಣಾ."

"ಅಲ್ಲೇ ಇರ್ಲಿ."

ಹಾಡಿದ. ಆ ಜಾಗ ಬಂತು. ಅವನು ಇಳಿಸಲಿಲ್ಲ. ದನಿ ಏರಿತು, ಏರಿತು, ತುದಿಗೆ ಒಂದು ಗೇಣು ಉಳಿದಾಗ ಒಡೆಯಿತು. ಒಡೆದದ್ದನ್ನೇ ಹಿಡಿದುಕೊಂಡು ಕೊನೆಯವರೆಗೆ ಎಳೆದ. ಕಾಕಾ ಹಲಗಿ ಬಿಡಲಿಲ್ಲ. ಕಡೆಯ ಹಾರ್ಮೋನಿಯಮ್ ಮನೆಯನ್ನು ಅಣ್ಣನೇ ಬಂದು ಒತ್ತಿದ. ಟೇಪು ಹಿಂದೆ ತಿರುಗಿಸಿ ಕೇಳಿದೆವು.

"ಇನ್ನೊಮ್ಮೆ ಹಾಡ್ತಿಯೇನಣ್ಣಾ?" ಅಂದೆ. ನನಗೆ ಅಳು ಬಂದಿತ್ತು.

"ಬ್ಯಾಡ. ಈ ಸಲ ಸೋತಾಂವ ನಾ. ನೀ ಅಲ್ಲ, ಮಷಿನ್ನೂ ಅಲ್ಲ." ಬೆವರು ಒರೆಸಿಕೊಂಡು ಗಿಟಾರಿನ ತಂತಿ ಸರಿಮಾಡತೊಡಗಿದ. "ಇದು ನಂದ ಐತಿ. ಇದನ್ನ ಕಳಸು."

ತೊಡೆಯ ಕೆಳಗಿನಿಂದ ಕೈ ತೆಗೆದೆ. ಎರಡೂ ಜೋಮು ಹಿಡಿದಿದ್ದವು. ಅದೇ ಕೈಯಿಂದ ಸ್ಪೂಲು ಬಿಚ್ಚಿ ಡಬ್ಬಿಗೆ ಹಾಕಿ, ಮೇಲೆ ಹಾಡಿನ ಹೆಸರು ಬರೆದೆ.